ಹೊಳೆಯಲ್ಲಿ ಬಂಗುಡೆ

ಕುಚ್ಚಲಕ್ಕಿ ಗಂಜಿಗೆ 280 ರೂಪಾಯಿ ಮಾರಾಯ್ರೆ! ಜಿಎಸ್‌ಟಿ ಬೇರೆ. ಮಣ್ಣಿನ ಚಟ್ಟಿಯಲ್ಲಿ ಗಂಜಿ, ಬಾಳೆಲೆ ತುಂಡಿನ ಮೇಲೆ ಒಂದು ಚಮಚ ಒಣಮೀನಿನ ಚಟ್ನಿ, ಅದರ ನೆತ್ತಿಗೆ ಒಂದು ಕೊತ್ತಂಬರಿ ಎಲೆ. ಜ್ವರ ಬಂದಾಗ, ಇಲ್ಲವೇ ಪದಾರ್ಥ ಮಾಡಲು ಉದಾಸೀನ ಆದಾಗ ನಾವೆಲ್ಲ ಉಣ್ಣುವ ಗಂಜಿ ಅದು. ಮೊನ್ನೆ ಭಾನುವಾರದ ಆ ಸಿಟ್ಟು ಇನ್ನೂ ಇಳಿದಿಲ್ಲ.

ಬೆಂಗಳೂರಿನಿಂದ ಅಕ್ಕ, ಭಾವ ಬಂದಿದ್ದರು. ಭಾವನಿಗೆ ಸೇಂಟ್ ಮೇರೀಸ್ ದ್ವೀಪ ನೋಡಬೇಕು, ಲಾವಾ ತಣಿದು ನಿಂತ ಆ ಕಲ್ಲುಕಂಬಗಳ ಎದುರು ಫೋಟೋ ಆಗಬೇಕು. ಜುಲೈ ತಿಂಗಳಲ್ಲಿ ಮಲ್ಪೆಯಿಂದ ಅಲ್ಲಿಗೆ ಬೋಟು ಬಿಡುವುದಿಲ್ಲ ಎಂದೆ. "ದುಡ್ಡು ಜಾಸ್ತಿ ಕೊಟ್ರೂ ಬಿಡಲ್ವಾ?" ಅಂದರು. ಕಡಲಿನ ಹತ್ತಿರವೇ ಕೇಳಿ ನೋಡಿ ಭಾವ ಅಂದೆ. ಕೊನೆಗೆ ಅವರೇ ಮೊಬೈಲಿನಲ್ಲಿ ಹುಡುಕಿ 'ಪಾರಂಪರಿಕ ಮೀನುಗಾರರ ಹಳ್ಳಿಯ ಅನುಭವ' ಕೊಡುವ ರೆಸಾರ್ಟ್ ಒಂದನ್ನು ಬುಕ್ ಮಾಡಿದರು. ಒಂದು ಬದಿಯಲ್ಲಿ ಕಡಲು, ಇನ್ನೊಂದು ಬದಿಯಲ್ಲಿ ಹೊಳೆ. ಅಂಥ ಊರುಗಳು ಉಡುಪಿ ಕಡೆ ಬೇಕಾದಷ್ಟಿವೆ, ಹೆಸರು ಬೇಡ.

ಕಾಟೇಜುಗಳಿಗೆ ಮೀನಿನ ಹೆಸರು. ಕಡಲಿಗೆ ಮುಖ ಮಾಡಿದ್ದು 'ಅಂಜಲ್', ತೆಂಗಿನ ತೋಟದ್ದು 'ಮಾಂಜಿ', ಜನರೇಟರ್ ಪಕ್ಕದ್ದು 'ಬೂತಾಯಿ'. ನಮ್ಮದು ಬೂತಾಯಿ.

ಭಾವ ಒಳ್ಳೆಯವರೇ. ಆದರೆ ಕಂಡದ್ದಕ್ಕೆಲ್ಲ "ಇದು ಒರಿಜಿನಲ್ಲಾ?" ಎಂದು ಕೇಳುವ ಒಂದು ಚಾಳಿ ಉಂಟು. ಮಂಗಳೂರು ಹೆಂಚು ತೋರಿಸಿ, "ಇದು ಒರಿಜಿನಲ್ಲಾ?" ಬಾಗಿಲಲ್ಲಿ ನೇತು ಹಾಕಿದ ಹಳೇ ಬಲೆ, "ಒರಿಜಿನಲ್ಲಾ?" ಎಳನೀರು ಕೆತ್ತುವ ಹುಡುಗನಿಗೂ ಅದೇ ಪ್ರಶ್ನೆ. ಅವನು ಪಾಪ ಕೈಯಲ್ಲಿದ್ದ ಬೊಂಡವನ್ನೊಮ್ಮೆ, ಮೇಲೆ ಮರವನ್ನೊಮ್ಮೆ ನೋಡಿದ. ಅಂಗಳದಲ್ಲಿ ಕವುಚಿ ಹಾಕಿದ ದೋಣಿಯನ್ನು ಭಾವ ಬೆರಳಲ್ಲಿ ಕುಟ್ಟಿ, ಕಿವಿ ಕೊಟ್ಟು ಕೇಳಿದರು. ಮಳೆ ಸುರಿದಾಗ ಮಾತ್ರ ಅನುಮಾನ ಬರಲಿಲ್ಲ.

ಸಂಜೆ 4.30ಕ್ಕೆ 'ಬಲೆ ಎಳೆಯುವ ಅನುಭವ', ತಲೆಗೆ 500. ಕಡಲು ಅಬ್ಬರಿಸುತ್ತಿದ್ದುದರಿಂದ ಕಾರ್ಯಕ್ರಮ ಹೊಳೆಯಲ್ಲಿ. ನಮಗೆಲ್ಲ ಅಡಿಕೆ ಹಾಳೆಯ ಟೊಪ್ಪಿ, ಒಂದೊಂದು ಮುಟ್ಟಾಳೆ ಹಾಕಿ, ಕೈಗೆ ಹಗ್ಗ ಕೊಟ್ಟರು. ಐಸಾ ಎಂದು ಕೂಗಲು ಒಬ್ಬ ಮೈಕು ಹಿಡಿದಿದ್ದ. ಎಳೆದೆವು. ಬಲೆಯಲ್ಲಿ ಎರಡು ಚಪ್ಪಲಿ, ಒಂದು ತೆಂಗಿನ ಗರಿ, ನಾಲ್ಕು ಬಂಗುಡೆ.

ಬಂಗುಡೆ! ಘಟ್ಟದ ಮೇಲಿನ ಮಳೆಯೆಲ್ಲ ಕೆಂಪಾಗಿ ಇಳಿದು ಬರುವ ಜುಲೈಯ ಹೊಳೆಯಲ್ಲಿ, ಕಡಲಿನ ಬಂಗುಡೆ! ಒಂದನ್ನು ಎತ್ತಿಕೊಂಡೆ. ಕಣ್ಣು ಮಂಜು. ಕಿವಿರು ಬಿಡಿಸಿ ನೋಡಿದರೆ ಕೆಂಪಿಲ್ಲ, ಕಂದು. ಬೆರಳೊತ್ತಿದ ಕಡೆ ಗುಳಿ ಹಾಗೆಯೇ ಉಳಿಯಿತು. ಇನ್ನೊಂದರ ಬಾಲಕ್ಕೆ ಐಸಿನ ಚೂರು ಅಂಟಿತ್ತು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ರಜೆ. ಆಚೆ ಪೂರ್ವ ಕರಾವಳಿಯವರ ರಜೆ ಏಪ್ರಿಲ್ 15ಕ್ಕೆ ಶುರುವಾಗಿ ಜೂನ್ 14ಕ್ಕೇ ಮುಗಿಯುತ್ತದೆ. ಅಂದರೆ ಈ ಮಹಾನುಭಾವರು ಬಂಗಾಳ ಕೊಲ್ಲಿಯಲ್ಲಿ ಸತ್ತು, ಲಾರಿ ಹತ್ತಿ, ಶಿರಾಡಿಯ ಗುಂಡಿಗಳಲ್ಲೆಲ್ಲ ಕುಲುಕಾಡಿ, ನಮ್ಮ ಅನುಭವಕ್ಕೆಂದು ಎರಡನೇ ಸಲ ಬಲೆಗೆ ಬಿದ್ದಿರಬೇಕು.

ಈಗಲಾದರೂ ಆ ಪ್ರಶ್ನೆ ಬರುತ್ತದೆಂದು ಭಾವನ ಮುಖ ನೋಡಿದೆ. ಬರಲಿಲ್ಲ. ಹೆಂಚಿಗೆ ಕೇಳಿದವರು, ಎಳನೀರಿಗೆ ಕೇಳಿದವರು, ಬಂಗುಡೆಯನ್ನು ಕೆನ್ನೆಗೆ ಒತ್ತಿಕೊಂಡು, "ನೋಡೋ, ಎಷ್ಟು ತಣ್ಣಗಿದೆ! ನೀರಿಂದ ಈಗ ತಾನೇ ಬಂದಿದ್ದಲ್ವಾ!" ಎಂದರು.

ಬಲೆ ಮಡಚುತ್ತಿದ್ದ ಅಜ್ಜ ತಲೆ ತಗ್ಗಿಸಿ ನಗುತ್ತಿದ್ದರು. ಹತ್ತಿರ ಹೋದೆ. "ನೀವು ಇಲ್ಲಿಯವರಲ್ವಾ? ಮೀನಿನ ಕಿವಿರು ಎತ್ತುವಾಗಲೇ ಗೊತ್ತಾಯ್ತು," ಅಂದರು. ಈ ರೆಸಾರ್ಟಿನ ರಿಸೆಪ್ಷನ್ ಇರುವ ಜಾಗದಲ್ಲೇ ಅವರ ಮನೆ ಇದ್ದದ್ದಂತೆ. ಮಳೆಗಾಲ ಕಳೆದು ಬೂತಾಯಿ ಹಿಂಡು ದಡದ ಹತ್ತಿರ ಬಂದಾಗ ದಡದಿಂದ ಎಳೆಯುವ ಕೈರಂಪಣಿ ಬಲೆ ಬಿಡುತ್ತಿದ್ದರು. ದೋಣಿ ಅರ್ಧ ಸುತ್ತು ಬಲೆ ಬಿಟ್ಟು ಬರುವಷ್ಟರಲ್ಲಿ ದಡದಲ್ಲಿ ಊರೇ ಎರಡು ಸಾಲಾಗಿ ನಿಂತಿರುತ್ತಿತ್ತು. ಶಾಲೆಗೆ ಹೊರಟ ಮಕ್ಕಳೂ ಚೀಲ ಮರಳಲ್ಲಿಟ್ಟು ಹಗ್ಗಕ್ಕೆ ಕೈ ಹಾಕುತ್ತಿದ್ದರು. ಕೈ ಹಾಕಿದವರಾರೂ ಬರಿಗೈಯಲ್ಲಿ ಹೋದದ್ದಿಲ್ಲ, ಒಂದು ಪದಾರ್ಥಕ್ಕಾಗುವಷ್ಟು ಮೀನು ಖಾಯಂ.

"ಆಗ ಎಳೆದವರಿಗೆ ನಾವು ಕೊಡ್ತಿದ್ದೆವು," ಅಂದರು ಅಜ್ಜ. "ಈಗ ಎಳೆದವರೇ ಕೊಡ್ತಾರೆ. ಲಾಭವೇ ಅಲ್ವಾ?" ನಗು ಹಾಗೇ ಇತ್ತು, ಕಣ್ಣು ಮಾತ್ರ ನನ್ನ ಕಡೆ ಇರಲಿಲ್ಲ. ಮೈಕಿನವನು ಕರೆದ, 5.15ರ ಬ್ಯಾಚು ಬಂದಿತ್ತು. ಅಜ್ಜ ಬಲೆ ಹೊತ್ತು ಹೋದರು. ಚಪ್ಪಲಿಗಳೂ ಬಲೆಯೊಳಗೇ ಹೋದವು.

ರಾತ್ರಿ ಬಂಗುಡೆ ತವಾ ಫ್ರೈ ಆಗಿ ಬಂತು. ನಾವೇ ಹಿಡಿದದ್ದಾದರೂ ಹುರಿದದ್ದಕ್ಕೆ ಬೇರೆ ಚಾರ್ಜು. ಭಾವ ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದರು. "ಬೆಂಗಳೂರಲ್ಲಿ ಸಿಗೋದೆಲ್ಲ ಐಸ್ ಮೀನು ಕಣೋ. ಇದು ನೋಡು ಒರಿಜಿನಲ್!"

ನಾನು ಬಾಯಿ ತೆರೆಯುವಷ್ಟರಲ್ಲಿ ಮೇಜಿನಡಿಯಲ್ಲಿ ಅಕ್ಕ ನನ್ನ ಕಾಲನ್ನು ಬಲವಾಗಿ ತುಳಿದಳು. ಮಲ್ಪೆ ಮಾರುಕಟ್ಟೆಯಲ್ಲಿ ಅಮ್ಮನ ಹಿಂದೆ ಚೀಲ ಹಿಡಿದು ತಿರುಗಿ ಬೆಳೆದವಳು, ತನ್ನ ಪಾಲಿನ ಬಂಗುಡೆಯನ್ನೂ ಗಂಡನ ತಟ್ಟೆಗೆ ದಾಟಿಸಿ, "ನೀವೇ ತಿನ್ನಿ, ನಿಮಗೆ ಅಪರೂಪ," ಎನ್ನುತ್ತಿದ್ದಳು.