ಟೊಪ್ಪಿ ಬಿಗಿ ಆಯ್ತಾ?

ಕಾಸರಗೋಡಿನ ಆಸ್ಪತ್ರೆಗಳಲ್ಲಿ ಅತಿ ಜಾಸ್ತಿ ಖರ್ಚಾಗುವ ಔಷಧಿ ಯಾವುದು ಗೊತ್ತಾ? 'ಕುಳಪ್ಪಮಿಲ್ಲ.' ತೊಂದರೆ ಇಲ್ಲ ಅಂತ. ಮಲಯಾಳ ಬಾರದ ಪೆರ್ಲ, ಬದಿಯಡ್ಕ ಕಡೆಯ ಅಜ್ಜಿಯಂದಿರಿಗೂ ಈ ಒಂದು ಮಾತು ತಿಳಿಯುತ್ತದೆ. ಹೆರಿಗೆ ವಾರ್ಡಿನ ನರ್ಸ್ ನಾನು. ದಿನಕ್ಕೆ ಐವತ್ತು ಸಲ ನಾನೂ ಹೇಳುತ್ತೇನೆ.

ಕೆಲವು ವರ್ಷದ ಹಿಂದಿನ ಒಂದು ನೈಟ್ ಡ್ಯೂಟಿ. ಆಸ್ಪತ್ರೆಯ ಹೆಸರು ಬೇಡ. ಮಧ್ಯಾಹ್ನ ವ್ಯಾಕ್ಯೂಮ್ ಹಾಕಿ, ಅಂದರೆ ತಲೆಗೆ ಹೀರುವ ಕಪ್ ಕೂರಿಸಿ ಎಳೆದು ತೆಗೆದ ಮಗು. ಕಪ್ ಕೂತ ಜಾಗ ಸ್ವಲ್ಪ ಊದಿತ್ತು. ಅದು ಸಾಮಾನ್ಯ. ರಾತ್ರಿ ಹತ್ತರ ಹೊತ್ತಿಗೆ ಮಗುವಿನ ಅಜ್ಜಿ ಬಂದು ನನ್ನ ಜೊತೆ ಡ್ಯೂಟಿಯಲ್ಲಿದ್ದ ಸಿಸ್ಟರ್ ಹತ್ತಿರ ಏನೋ ಹೇಳಿದರು. ಸಿಸ್ಟರ್ ಕೇರಳದ ತೆಂಕಣ ಜಿಲ್ಲೆಯವಳು, ಕನ್ನಡ ಬಾರದು, ಕೆಲಸಕ್ಕೆ ಸೇರಿ ಎರಡು ತಿಂಗಳೂ ಆಗಿರಲಿಲ್ಲ. ಅವಳಿಗೆ ತಿಳಿದದ್ದು 'ತಲೆ' ಒಂದೇ, ಅದು ಎರಡೂ ಭಾಷೆಯಲ್ಲಿ ಇದೆಯಲ್ಲ. ಊತ ಆಗಲೇ ನೋಡಿದ್ದಳು. ಕುಳಪ್ಪಮಿಲ್ಲ ಅಂದಳು.

ಅಜ್ಜಿ ಹೋದರು. ಐದು ನಿಮಿಷದಲ್ಲಿ ಮತ್ತೆ ಬಂದರು. ಈ ಸಲ ನಾನು ಅಲ್ಲೇ ಇದ್ದೆ.

"ಸಂಜೆ ಹಾಕಿದ ಟೊಪ್ಪಿ ಈಗ ತಲೆಗೆ ಹಿಡಿಯುವುದಿಲ್ಲ ಮಗಾ."

ಟೇಪ್ ಹಿಡಿದು ಓಡಿದೆ. ಹುಟ್ಟಿದಾಗ ಬರೆದ ತಲೆಯ ಸುತ್ತಳತೆ 34 ಸೆಂ.ಮೀ. ಈಗ 36. ಬೆರಳಿಟ್ಟರೆ ಊತ ನೀರು ತುಂಬಿದ ಚೀಲದ ಹಾಗೆ ಅಲ್ಲಾಡುತ್ತಿತ್ತು. ಕಿವಿಯ ಹಿಂದಿನವರೆಗೂ ಇಳಿದಿತ್ತು. ಮಗು ಬಿಳಿಚಿಕೊಂಡಿತ್ತು, ಎದೆಬಡಿತ 180.

ನಮ್ಮ ಬಾಯಲ್ಲಿ ಎಲ್ಲವೂ ಬುಗುಟೆಯೇ. ಆದರೆ ಹಸುಗೂಸಿನ ತಲೆಯ ಬುಗುಟೆಗಳೆಲ್ಲ ಒಂದಲ್ಲ. ಕ್ಯಾಪುಟ್ ಅಂದರೆ ಚರ್ಮದಡಿಯ ನೀರು, ಹುಟ್ಟುವಾಗಲೇ ಇರುತ್ತದೆ, ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಸೆಫಲ್‌ಹೆಮಟೋಮಾ ಮೂಳೆಗೂ ಅದರ ಪೊರೆಗೂ ನಡುವೆ ನಿಂತ ರಕ್ತ. ಕೆಲವು ಗಂಟೆ ಕಳೆದ ಮೇಲೆ ಕಾಣುತ್ತದೆ, ಮೂಳೆಗಳು ಕೂಡುವ ಗೆರೆ ದಾಟುವುದಿಲ್ಲ, ಕರಗಲು ವಾರಗಟ್ಟಲೆ ಬೇಕು. ಹೆಚ್ಚಾಗಿ ಕಾಮಾಲೆ ಬರುತ್ತದಾ ಅಂತ ನೋಡಿಕೊಂಡರೆ ಸಾಕು. (ಮೀಯಿಸುವವರಿಗೆ ಒಂದು ಮಾತು: ಎಣ್ಣೆ ಹಚ್ಚಿ ಒತ್ತಿ ತಲೆಯ 'ಶೇಪ್' ಸರಿ ಮಾಡಲು ಹೋಗಬೇಡಿ, ದಮ್ಮಯ್ಯ.)

ನಾನು ಆ ರಾತ್ರಿ ಮುಟ್ಟಿದ್ದು ಇವೆರಡೂ ಅಲ್ಲ, ಸಬ್‌ಗೇಲಿಯಲ್ ರಕ್ತಸ್ರಾವ. ಅಪರೂಪ. ವ್ಯಾಕ್ಯೂಮ್ ಹೆರಿಗೆಯಾದ ಮೇಲೆ ಬರುವುದೇ ಹೆಚ್ಚು. ಮೂಳೆಯ ಆ ಪೊರೆಯ ಮೇಲೆ, ನೆತ್ತಿಯ ಚರ್ಮದ ಅಡಿಯಲ್ಲಿ, ಹುಬ್ಬಿನಿಂದ ಕುತ್ತಿಗೆಯವರೆಗೆ ತಡೆಯೇ ಇಲ್ಲದ ಜಾಗ ಅದು. 3 ಕಿಲೋ ಮಗುವಿನ ಮೈಯಲ್ಲಿ ಇರುವುದೇ ಸುಮಾರು 250 ಎಂಎಲ್ ರಕ್ತ. ಹೆಚ್ಚು ಕಡಿಮೆ ಅಷ್ಟೂ ಅಲ್ಲಿ ಹಿಡಿಸುತ್ತದೆ. ಸುತ್ತಳತೆ 1 ಸೆಂ.ಮೀ. ಏರಿದರೆ ಸುಮಾರು 40 ಎಂಎಲ್ ಹೋಗಿದೆ ಅಂತ ಲೆಕ್ಕ. 2 ಸೆಂ.ಮೀ.ಗೆ ನೀವೇ ಹಾಕಿ. ಹೊರಗೆ ಒಂದು ಹನಿ ಕಾಣುವುದಿಲ್ಲ.

ಡಾಕ್ಟರ್ ಬಂದರು, ಡ್ರಿಪ್ ಹಾಕಿದರು, ಮಗುವನ್ನು ಬೆಚ್ಚಗೆ ಸುತ್ತಿ ಆಂಬುಲೆನ್ಸಿನಲ್ಲಿ ಮಂಗಳೂರಿಗೆ ಕಳಿಸಿದೆವು. ಅಲ್ಲಿ ರಕ್ತ ಕೊಟ್ಟರು. ಬದುಕಿತು. 2020ರ ಮಾರ್ಚಿನಲ್ಲಿ, ಕೊರೋನಾ ಲಾಕ್‌ಡೌನ್ ಹೊತ್ತಿಗೆ, ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು, ತಲಪಾಡಿಯಲ್ಲಿ ಆಂಬುಲೆನ್ಸ್ ತಡೆದಾಗ ನನಗೆ ನೆನಪಾದದ್ದು ಆ ರಾತ್ರಿಯೇ.

ಇದು ಭಾಷೆಯ ಜಗಳದ ಪೋಸ್ಟ್ ಅಲ್ಲ. ನನಗೆ ಕೆಲಸ ಕಲಿಸಿದವರೆಲ್ಲ ಮಲಯಾಳಿ ಸಿಸ್ಟರ್‌ಗಳೇ. ಇನ್ನು ತಪ್ಪು ಭಾಷೆಯದ್ದು ಮಾತ್ರವೂ ಅಲ್ಲ. ವ್ಯಾಕ್ಯೂಮ್ ಹಾಕಿದ ಮಗುವಿನ ತಲೆಯನ್ನು ಮೊದಲ ಕೆಲವು ಗಂಟೆ ಮತ್ತೆ ಮತ್ತೆ ಮುಟ್ಟಿ ನೋಡಬೇಕು, ಬಣ್ಣ ನೋಡಬೇಕು, ನಾಡಿ ಎಣಿಸಬೇಕು, ಅಳೆಯಬೇಕು. ನಮ್ಮ ಚಾರ್ಟಿನಲ್ಲಿ ಹುಟ್ಟಿದಾಗಿನ ಒಂದೇ ಅಳತೆ ಇತ್ತು. ನಮ್ಮ ಕೆಲಸವನ್ನು ಒಂದು ಉಣ್ಣೆ ಟೊಪ್ಪಿ ಮಾಡಿತು. ಆದರೆ ಟೊಪ್ಪಿ ಹೇಳಿದ್ದು ತಿಳಿಯಲು ಕನ್ನಡವೋ ತುಳುವೋ ಬರುವ ಒಬ್ಬರಾದರೂ ಪ್ರತಿ ಶಿಫ್ಟಿನಲ್ಲಿ ಇರಬೇಕು ಅಲ್ವಾ? ಬೋರ್ಡು ಎರಡು ಭಾಷೆಯಲ್ಲಿ ಬರೆಸಲು ಕೇಳುವ ನಾವು ಇದನ್ನು ಯಾಕೆ ಕೇಳುವುದಿಲ್ಲ?

ಆ ಸಿಸ್ಟರ್ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಈಗ ವಿದೇಶದಲ್ಲಿದ್ದಾಳೆ. ಇಲ್ಲಿಂದ ಹೋಗುವವರೆಗೂ ಅವಳಿಗೆ ತಪ್ಪಿಲ್ಲದೆ ಬರುತ್ತಿದ್ದ ಕನ್ನಡ ವಾಕ್ಯ ಒಂದೇ. ರಾತ್ರಿ ರೌಂಡಿನಲ್ಲಿ ಪ್ರತಿ ಮಂಚದ ಹತ್ತಿರ ನಿಂತು ಕೇಳುತ್ತಿದ್ದಳು: "ಅಜ್ಜಿ, ಟೊಪ್ಪಿ ಬಿಗಿ ಆಯ್ತಾ?"