ತಿರುಗುವ ಹುಡುಗಿಯೂ ಬಲ ಮೆದುಳೂ

‘ಈ ಹುಡುಗಿ ಬಲಕ್ಕೆ ತಿರುಗುವಂತೆ ಕಂಡರೆ ನಿಮ್ಮದು ಬಲ ಮೆದುಳು, ನೀವು ಕ್ರಿಯೇಟಿವ್’ ಎನ್ನುವ ಫಾರ್ವರ್ಡ್, ಗಿರಗಿರ ತಿರುಗುವ ಹುಡುಗಿಯ ಚಲಿಸುವ ಚಿತ್ರದ ಜೊತೆ, ನಿಮಗೂ ಬಂದಿರುತ್ತದೆ, ಅಲ್ವಾ? ಅದು ಸುಳ್ಳು.

ಆ ಚಿತ್ರ ಜಪಾನಿನ ನೊಬುಯುಕಿ ಕಯಹಾರಾ 2003ರಲ್ಲಿ ಮಾಡಿದ್ದು. ಬರೀ ಕಪ್ಪು ನೆರಳು. ಎತ್ತಿದ ಕಾಲು ಮುಂದಿದೆಯೋ ಹಿಂದಿದೆಯೋ ತಿಳಿಯುವುದಿಲ್ಲ, ಹಾಗಾಗಿ ನೋಡುವವರಿಗೆ ಯಾವುದೋ ಒಂದು ದಿಕ್ಕು ಕಾಣುತ್ತದೆ. ಪಾದವನ್ನಷ್ಟೇ ಸ್ವಲ್ಪ ಹೊತ್ತು ನೋಡಿ, ಥಟ್ಟನೆ ಉಲ್ಟಾ ತಿರುಗಬಹುದು. ಅಷ್ಟರಲ್ಲಿ ನಿಮ್ಮ ಮೆದುಳೇನೂ ಬದಲಾಗಿರುವುದಿಲ್ಲ!

ಮಾತಿನ ಕೆಲಸ ಎಡಭಾಗದಲ್ಲೇ ಜಾಸ್ತಿ, ನಿಜ. ಆದರೆ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು 2013ರಲ್ಲಿ 1,011 ಜನರ ಮೆದುಳಿನ ಸ್ಕ್ಯಾನ್ ನೋಡಿದಾಗ ‘ಎಡದವರು’, ‘ಬಲದವರು’ ಎಂದು ಬೇರೆಬೇರೆ ಗುಂಪು ಸಿಗಲಿಲ್ಲ.

ಹೊಸ ಐಡಿಯಾ ಬೇಕೇ? ಎಡ-ಬಲದ ಮಾತು ಬಿಡಿ. ಉಳಿದ ಅನ್ನಕ್ಕೆ ಏನು ಮಾಡಬಹುದು, ಸುಮ್ನೆ ಹತ್ತು ಬರೆಯಿರಿ. ಚಿತ್ರಾನ್ನ, ಮೊಸರನ್ನ ಎಲ್ಲರಿಗೂ ಹೊಳೆಯುತ್ತದೆ. ತಲೆ ಕೆರೆದುಕೊಳ್ಳುವುದು ಏಳನೆಯದಕ್ಕೆ.