ಮಳೆ ಮೇಲಿಂದ ಬೀಳ್ತದಂತೆ, ಕೇಳಿದ್ರಾ?

“ನೀರು ಎಲ್ಲಿಂದ ಅಂದ್ರೆ? ಮಳೆ ಮೇಲಿಂದ ಬೀಳ್ತದಲ್ಲ ಮಾರಾಯ್ರೇ!”

ಕಾರವಾರದ ಹೊಸ ಸರಕಾರಿ ಕಟ್ಟಡದ ಅಂಗಳದಲ್ಲಿ ನನ್ನ ಪ್ರಶ್ನೆಗೆ ಸಿಕ್ಕ ಉತ್ತರ ಇದು. ಎಲ್ಲರೂ ನಕ್ಕರು. ಗುತ್ತಿಗೆದಾರರ ಟೇಪು ಹಿಡಿದ ಹುಡುಗನೂ ನಕ್ಕ.

ನಾನು ಕೇಳಿದ್ದು ಇಷ್ಟೇ: ಮಳೆನೀರು ಹರಿದು ಬಂದು ಇಂಗಲಿ ಅಂತ ಮಾಡುವ ಈ ಮಳೆತೋಟದ ಒಳಗೆ ನೀರು ಬರುವ ದಾರಿ ಯಾವುದು? ಅಂಗಳಕ್ಕಿಂತ 9 ಇಂಚು ಎತ್ತರಕ್ಕೆ ಮಣ್ಣು ಏರಿಸಿದ್ದಾರೆ. ಸುತ್ತಲೂ ಒಂದೇ ಒಂದು ಸಂದಿಲ್ಲದ ಕರ್ಬ್ ಕಲ್ಲು, ಅದಕ್ಕೆ ಕಪ್ಪು-ಬಿಳಿ ಬಣ್ಣ. ಚಾವಣಿಯ ಪೈಪು ಪಕ್ಕದಲ್ಲೇ ಹಾದು ನೆಟ್ಟಗೆ ಗಟಾರಕ್ಕೆ. ಅಂದಾಜುಪಟ್ಟಿಯಲ್ಲಿ ‘ಮಳೆತೋಟ’, ನೆಲದ ಮೇಲೆ ಹೂವಿನ ಕಟ್ಟೆ. ಬಿಲ್ಲು ಮಾತ್ರ ಮಳೆತೋಟದ್ದು.

ಬಿಡಿ, ಹೇಗೂ ಯಾರಿಗೂ ಬೇಕಾಗಿಲ್ಲ.

ಅಲ್ಲ, ಯಾಕೆ ಬಿಡಬೇಕು? ಮಳೆತೋಟ ಅಂದರೆ ತಗ್ಗು ರೀ, ತಗ್ಗು! ಮಣ್ಣಿನ ಮೇಲ್ಮೈ ಅಂಗಳಕ್ಕಿಂತ 20-25 ಸೆಂ.ಮೀ. ಕೆಳಗಿರಬೇಕು. ಕರ್ಬಿನಲ್ಲಿ ಅಲ್ಲಲ್ಲಿ ಒಂದೂವರೆ ಅಡಿ ಸಂದಿ, ನೀರು ನುಗ್ಗುವ ಜಾಗದಲ್ಲಿ ಮಣ್ಣು ಕೊರೆಯದಂತೆ ಒಂದಿಷ್ಟು ದಪ್ಪ ಕಲ್ಲು. ಅರ್ಧಕ್ಕಿಂತ ಹೆಚ್ಚು ಮರಳು ಬೆರೆತ ಮಣ್ಣು ಎರಡು ಅಡಿ, ಅದರ ಕೆಳಗೆ ಒಂದಡಿ ಜಲ್ಲಿ, ಜಲ್ಲಿಯೊಳಗೆ ತೂತಿನ ಪೈಪು. ಉಕ್ಕಿದ ನೀರು ಹೋಗುವ ಪೈಪಿನ ಬಾಯಿ ಮಣ್ಣಿಗಿಂತ 15 ಸೆಂ.ಮೀ. ಮೇಲೆ, ಅಂಗಳಕ್ಕಿಂತ ಕೆಳಗೆ. ಈ ಮಟ್ಟಗಳು ತಪ್ಪಿದರೆ ಉಳಿದದ್ದೆಲ್ಲ ಸರಿಯಿದ್ದರೂ ದಂಡ.

ಇನ್ನೊಬ್ಬರು ಕೊಟ್ಟ ಸಮಾಧಾನ: “ಕಾರವಾರದಾಗೆ ಸಮುದ್ರ ಇಲ್ಲೇ ಉಂಟಲ್ಲ, ಎಲ್ಲ ಅಲ್ಲಿಗೇ ಹೋಗ್ತದೆ.” ಹೋಗ್ತದಾ? ಹುಣ್ಣಿಮೆ-ಅಮಾವಾಸ್ಯೆಯ ಉಬ್ಬರದ ಹೊತ್ತಿಗೆ ಗಟಾರದ ಬಾಯಿಗೆ ಸಮುದ್ರವೇ ಅಡ್ಡ ನಿಂತಿರುತ್ತದೆ. ಆಗಲೇ ಜೋರು ಮಳೆ ಬಂದರೆ ನೀರು ರಸ್ತೆಯಲ್ಲೇ ಕಾಯಬೇಕು. ಈ ಕಟ್ಟಡದ 600 ಚದರ ಮೀಟರ್ ಚಾವಣಿಗೆ 100 ಮಿ.ಮೀ. ಮಳೆ ಬಿದ್ದರೆ 60,000 ಲೀಟರ್. ಅಂಥ ಮಳೆ ಒಂದೇ ಗಂಟೆಯಲ್ಲಿ ಸುರಿದರೆ 4 ಇಂಚಿನ ಒಂದು ಪೈಪು ನಿಭಾಯಿಸುವುದು ಸುಮಾರು 40 ಚದರ ಮೀಟರ್ ಚಾವಣಿ. ಅಲ್ಲಿಗೆ ಬೇಕಾದದ್ದು ಹದಿನೈದು ಪೈಪು. ಹಾಕಿದ್ದು ನಾಲ್ಕು. ನಾಲ್ಕೂ ಒಂದೇ ಬದಿಗೆ, ಎದುರಿನಿಂದ ಚಂದ ಕಾಣಲಿ ಅಂತ!

ಮಳೆತೋಟ ಅಷ್ಟೂ ನೀರು ಕುಡಿದುಬಿಡುತ್ತದೆ ಅಂತ ನಾನು ಹೇಳಿಲ್ಲ. 40 ಚದರ ಮೀಟರ್ ತೋಟದಲ್ಲಿ ಒಮ್ಮೆಗೆ ನಿಲ್ಲುವುದು 6,000 ಲೀಟರ್. ಅದಕ್ಕೇ ಅಂಗಳವೂ ನೀರು ಇಳಿಸಬೇಕು. ಇಲ್ಲಿ ಇಂಟರ್‌ಲಾಕ್ ಕಲ್ಲಿನ ಅಡಿಗೆ ಕಾಂಕ್ರೀಟು, ಸಂದಿಗೆ ಸಿಮೆಂಟು. ಅಡಿಗೆ ಜಲ್ಲಿ, ಸಂದಿಗೆ ಸಣ್ಣ ಜಲ್ಲಿಚೂರು ಹಾಕಿದ್ದರೆ ಸಾಕಿತ್ತು. ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ತುಂಬಿದರೂ ಕೆಲಸ ಕೆಟ್ಟಿತು, ಅದರ ಪುಡಿ ಸಂದಿ ಕಟ್ಟಿಬಿಡುತ್ತದೆ.

ಎಲ್ಲ ಕಡೆ ಇಂಗುಗುಂಡಿ ತೋಡಿ ಅಂತಲೂ ಹೇಳಿಲ್ಲ. ಕಡಲಂಚಿನಲ್ಲಿ ಮಳೆಗಾಲಕ್ಕೆ ಬಾವಿ ನೀರು ಕೈಗೆ ಸಿಗುವಷ್ಟು ಮೇಲೇರುತ್ತದೆ. ಗುಂಡಿಯ ತಳ ಆ ಮಟ್ಟಕ್ಕಿಂತ ಒಂದು ಮೀಟರ್ ಮೇಲಿಲ್ಲದಿದ್ದರೆ ಅದು ಕೆಳಗಿಂದಲೇ ತುಂಬಿ ಕೂರುತ್ತದೆ. ಗುಡ್ಡ ಕಡಿದ ದರೆಯ ನೆತ್ತಿಯಲ್ಲಂತೂ ಇಂಗಿಸಲೇಬಾರದು. 2024ರ ಜುಲೈನಲ್ಲಿ ಶಿರೂರು ಗುಡ್ಡ ಕುಸಿದದ್ದನ್ನು ಕಂಡ ಜಿಲ್ಲೆಗೆ ಇದನ್ನೂ ಬಿಡಿಸಿ ಹೇಳಬೇಕೇ?

ಹೇಳಲು ಬಾಯಿ ತೆರೆದೆ. “ಮೇಲಿಂದ ಬೀಳ್ತದಲ್ಲ!” ಮತ್ತೆ ನಗು. ವರ್ಷಕ್ಕೆ ಮೂರು ಸಾವಿರ ಮಿ.ಮೀ. ಆಸುಪಾಸು ಮಳೆ ಸುರಿಯುವ ಊರಲ್ಲಿ ಮಳೆ ಯಾವ ಕಡೆಯಿಂದ ಬೀಳುತ್ತದೆಂದು ಗೊತ್ತಿಲ್ಲದೆ ಮಟ್ಟ ನೋಡುವ ನೀರಿನ ಕೊಳವೆ, ಟ್ಯೂಬ್ ಲೆವೆಲ್ ಹಿಡಿದು ಹೋದ ಮಹಾಪಂಡಿತ ನಾನು. ಸನ್ಮಾನ ಮಾಡಿ, ಶಾಲು ಹೊದೆಸಿ.

ಬೆಂಗಳೂರಲ್ಲಿ 2009ರಲ್ಲೇ ಮಳೆನೀರು ಕೊಯ್ಲು ಕಡ್ಡಾಯ ಮಾಡಿದರು. ಇಲ್ಲಿ ಹೊಸ ಸರಕಾರಿ ಕಟ್ಟಡಕ್ಕಾದರೂ ಒಂದು ಷರತ್ತು ಹಾಕಿ: ಕೊನೆಯ ಬಿಲ್ಲಿಗೆ ಮುಂಚೆ ಅಂಗಳಕ್ಕೆ ಒಂದು ಟ್ಯಾಂಕರ್ ನೀರು ಸುರಿಯಬೇಕು. ಅದು ತಾನಾಗಿ ತೋಟಕ್ಕೆ ಹರಿದು, 24 ಗಂಟೆಯೊಳಗೆ ಇಳಿದರೆ ಮಾತ್ರ ಸಹಿ. ಈ ಕಟ್ಟಡದ ಅಳತೆ ಪುಸ್ತಕಕ್ಕೆ, ಅಂದರೆ ಆದ ಕೆಲಸ ಅಳೆದು ಬಿಲ್ಲಿಗಾಗಿ ಬರೆದಿಡುವ ಪುಸ್ತಕಕ್ಕೆ, ಸಹಿ ಹಾಕಿದವರು ಯಾರು? ಕರ್ಬ್ ಕೊಯ್ದು, ಮಣ್ಣು ತೆಗೆಸುವ ಖರ್ಚು ಯಾರದ್ದು? ಜೂನ್ ಒಳಗೆ ಯಾರಾದರೂ ಉತ್ತರ ಕೊಡಿ. ಕೊಡಲ್ಲ, ಗೊತ್ತು. ಆದರೂ ಕೊಡಿ.